ಔಷಧದ ಪರಿಮಾಣ

ಲವಣವರ್ಗಕ್ಕೆ ಸೇರಿದ ಒಂದು ಸಾಮಾನ್ಯ ವಸ್ತುವು ಚಿತ್ತದ ಉನ್ಮಾದವನ್ನು ಶಮನಗೊಳಿಸಬಲ್ಲದೆಂಬ ಸಂಗತಿ 1949ರಲ್ಲಿ ಪ್ರಕಟವಾಯಿತು. ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ವೈದ್ಯ ಜಾನ್ ಕೇಡ್ ಅವರು ಲಿಥಿಯಂ ಲವಣವನ್ನು ಮೊದಲು ಗಿನಿಯಿಲಿಗಳ ಮೇಲೆ ಪ್ರಯೋಗಿಸಿದರು. ಬಳಿಕ ತಾವೇ ಸೇವಿಸಿ ನೋಡಿದರು. ಅನಂತರ ರೋಗಿಗಳಿಗೆ ಕೊಟ್ಟರು. ಐದು ವರ್ಷಗಳಿಂದ ಉನ್ಮಾದದಲ್ಲಿದ್ದ ಮೊದಲ ರೋಗಿಯು ಕೆಲವೇ ತಿಂಗಳಲ್ಲಿ ಗುಣಹೊಂದಿ ಹಳೆಯ ಉದ್ಯೋಗಕ್ಕೆ ಮರಳಿದನು. ಕ್ರಮೇಣ ಔಷಧದ ವಿಷಯದಲ್ಲಿ ಉದಾಸೀನನಾದನು; ರೋಗ ಮರುಕಳಿಸಿತು. ಪುನಃ ಚಿಕಿತ್ಸೆ ನಡೆದು, 1950ರಲ್ಲಿ ಅದೇ ಲಿಥಿಯಂ ವಿಷವಾಗಿ ಪರಿಣಮಿಸಿ ಆತನು ತೀರಿಕೊಂಡನು. ಬಿಟ್ಟಾಗ ರೋಗ, ಮಿತಿಮೀರಿದಾಗ ಮರಣ.

ಇದರ ಕಾರಣವು ಮೆದುಳಿನ ಕಿಣ್ವಗಳಲ್ಲಿರಬಹುದು. ಜೀವಕೋಶಗಳು ಸಂದೇಶಗಳನ್ನು ಗ್ರಹಿಸುವಾಗ ಇನೊಸಿಟಾಲ್ ಎಂಬ ವಸ್ತು ವ್ಯಯವಾಗುತ್ತದೆ. ಬರಿದಾದ ಚೀಲವನ್ನು ವರ್ತಕನು ಮತ್ತೆ ತುಂಬಲು ಕೂಡಿಡುವಂತೆ, ಒಂದು ಕಿಣ್ವವು ಅದನ್ನು ಪುನಃ ಬಳಕೆಗೆ ಒದಗಿಸುತ್ತದೆ. ಈ ಕಿಣ್ವಕ್ಕೆ ಮೆಗ್ನೀಸಿಯಂ ಬೇಕು. ಲಿಥಿಯಂ ಈ ಕಿಣ್ವದ ಕಾರ್ಯವನ್ನು ತಗ್ಗಿಸುತ್ತದೆಂದು 1980ರಲ್ಲಿ ತಿಳಿದುಬಂತು; ಅದು ಮೆಗ್ನೀಸಿಯಂನ ಸ್ಥಾನದಲ್ಲಿ ನೆಲಸಿ ಹೀಗೆ ಮಾಡುತ್ತದೆ. ಜಿಎಸ್‌ಕೆ-3 ಎಂಬ ಮತ್ತೊಂದು ಕಿಣ್ವವನ್ನೂ ಅದು ತಡೆಯುವುದೆಂದು 1996ರಲ್ಲಿ ಸ್ಪಷ್ಟವಾಯಿತು. ಲಿಥಿಯಂ ಕಿಣ್ವವನ್ನು ನಾಶಮಾಡುವುದಿಲ್ಲ, ನಿಗ್ರಹಿಸುತ್ತದೆ; ಔಷಧ ಇಳಿದೊಡನೆ ನಿಗ್ರಹವೂ ಸಡಿಲಗೊಳ್ಳುತ್ತದೆ. ಆದುದರಿಂದಲೇ ನಿತ್ಯಸೇವನೆ ಅಗತ್ಯ.

ಪರಿಮಾಣದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಲೀಟರ್ ರಕ್ತದ್ರವದಲ್ಲಿ ಲಿಥಿಯಂ ಸಾಧಾರಣವಾಗಿ 0.6ರಿಂದ 1.0 ಮಿಲಿಮೋಲ್ ಇದ್ದರೆ ಹಿತ, 1.5 ದಾಟಿದರೆ ವಿಷಲಕ್ಷಣಗಳು ತಲೆದೋರಬಹುದು. ಮೂತ್ರಪಿಂಡಗಳು ಲಿಥಿಯಂ ಅನ್ನು ಬಹುಮಟ್ಟಿಗೆ ಉಪ್ಪಿನಂತೆಯೇ ನಿರ್ವಹಿಸುತ್ತವೆ. ದೇಹದಲ್ಲಿ ನೀರೂ ಉಪ್ಪೂ ಕುಗ್ಗಿದಾಗ ಲಿಥಿಯಂ ಹೊರಹೋಗದೆ ರಕ್ತದಲ್ಲಿ ಏರುತ್ತದೆ.

ಶ್ರಾವಕರ ಮನೆಗಳು ಗಮನಿಸಬೇಕಾದುದು ಇಲ್ಲಿಯೇ. ಮನೋರೋಗವನ್ನು ಅಪಕೀರ್ತಿಯೆಂದು ಬಗೆದು ಗುಳಿಗೆಯನ್ನು ಬಚ್ಚಿಡುವ ಮನೆಯಲ್ಲಿ, ರೋಗಿಯು ನಾಲ್ವರೆದುರು ಕಾರಣ ಹೇಳಲಾರದೆ ದಶಲಕ್ಷಣ ಪರ್ವದಲ್ಲಿ ನಿರ್ಜಲ ಉಪವಾಸಕ್ಕೆ ಕುಳಿತರೆ, ಅದು ಪ್ರಾಣಾಪಾಯಕ್ಕೆ ದಾರಿಯಾದೀತು. ಉಪವಾಸಕ್ಕಾಗಿ ಔಷಧವನ್ನು ತಾನಾಗಿ ನಿಲ್ಲಿಸುವುದೂ ಅಪಾಯವೇ. ವೈದ್ಯರನ್ನು ಕೇಳಿಯೇ ನಿಯಮ ಸ್ವೀಕರಿಸುವುದು ಯುಕ್ತ. ಬಸದಿಯ ಹಿರಿಯರು ಸಂಕಲ್ಪಕ್ಕೆ ಮುನ್ನ ಏಕಾಂತದಲ್ಲಿ ಒಂದು ಮಾತು ವಿಚಾರಿಸಿದರೆ ಒಂದು ಜೀವ ಉಳಿದೀತು.

ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತಪವೂ ಒಂದು. ತಪಸ್ಸಿಗೆ ಶಕ್ತಿಯೇ ಅಳತೆಯೆಂದು ಅದರ ಅರ್ಥ. ವೈದ್ಯರು ವಿಧಿಸಿದ ಗುಳಿಗೆಯನ್ನು ತಪ್ಪದೆ, ಹೆಚ್ಚುಕಡಿಮೆ ಮಾಡದೆ ಸೇವಿಸುವ ರೋಗಿಯ ನಿಷ್ಠೆಯೂ ಸಂಯಮವೇ.