ಲಾರಿ ನಿಂತ ಹೊತ್ತು

ಲಾರಿ ಡ್ರೈವರ್ ಎಂದರೆ ಹಗಲೂ ರಾತ್ರಿ ಓಡುತ್ತಲೇ ಇರುವವನು ಎಂದು ಊರಲ್ಲಿರುವವರ ನಂಬಿಕೆ. ನಮ್ಮ ಕಾಲದಲ್ಲಿ ಅದು ಅರ್ಧ ಮಾತ್ರ ನಿಜ. ಉಳಿದ ಅರ್ಧ ಆಯುಷ್ಯ ನಿಲ್ಲುವುದರಲ್ಲೇ ಹೋಗುತ್ತಿತ್ತು. ಲೋಡಿನ ಪಾಳಿ ಬರುವ ತನಕ ಲಾರಿ ಆಫೀಸಿನ ಮುಂದೆ ನಿಲ್ಲಬೇಕು. ಚೆಕ್‌ಪೋಸ್ಟಿನಲ್ಲಿ ಬಿಲ್ಲಿಗೆ ಮುದ್ರೆ ಬೀಳುವವರೆಗೆ ನಿಲ್ಲಬೇಕು. ಬೆಂಗಳೂರಿನ ಒಳಕ್ಕೆ ಹಗಲು ಬಿಡುವುದಿಲ್ಲವೆಂದು ನೆಲಮಂಗಲದ ಹತ್ತಿರ ಕತ್ತಲಾಗುವ ತನಕ ನಿಲ್ಲಬೇಕು. ಘಾಟಿನಲ್ಲಿ ಯಾರದೋ ಆಕ್ಸಲ್ ಮುರಿದರೆ ಹಿಂದಿದ್ದವರೆಲ್ಲ ನಿಲ್ಲಬೇಕು. ಕಡೆಗೆ ಊರು ಮುಟ್ಟಿದ ಮೇಲೂ ಅನ್‌ಲೋಡಿಗೆ ಹಮಾಲರು ಬರುವ ತನಕ ನಿಲ್ಲಬೇಕು. ಲಾರಿ ಮಾಲೀಕನದು, ಸರಕು ಸಾಹುಕಾರನದು, ರಸ್ತೆ ಸರ್ಕಾರದ್ದು. ಲಾರಿ ನಿಂತ ಹೊತ್ತು ಮಾತ್ರ ನಮ್ಮದಾಗಿತ್ತು. ಈಗ ಅದು ಇಲ್ಲವಾಗಿದೆ. ಅದಕ್ಕಾಗಿ ಯಾರೂ ಮರುಗಿದ್ದನ್ನು ಕಾಣೆ. ನಾನು ಮರುಗುತ್ತೇನೆ.

ನಾನು ಕ್ಲೀನರ್ ಆಗಿ ಸೇರಿದ್ದು ಬ್ಯಾಡಗಿ ಮೆಣಸಿನಕಾಯಿ ಹೇರುತ್ತಿದ್ದ ಲಾರಿಗೆ. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಬ್ಯಾಡಗಿ. ಸುಗ್ಗಿಯಲ್ಲಿ ಊರಿಗೆ ಊರೇ ಕೆಂಪಾಗಿರುತ್ತಿತ್ತು. ಆ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣ ಹೆಚ್ಚು ಎನ್ನುತ್ತಾರೆ. ಚೀಲದ ಮೇಲೆ ಮಲಗಿದವನಿಗೆ ಮಾತ್ರ ಅದರ ಖಾರವೂ ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿಂದ ಹುಬ್ಬಳ್ಳಿ, ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ, ಸಾತಾರಾ ದಾಟಿ ಪುಣೆ, ಮುಂದೆ ಮುಂಬೈ ಪಕ್ಕದ ವಾಶಿ ಮಾರುಕಟ್ಟೆ. ಇಂದು ನಲವತ್ತೆಂಟು ಎಂದು ಸಂಖ್ಯೆ ಬದಲಾಗಿರುವ ಆ ರಸ್ತೆ ನಮಗೆ ಇಂದಿಗೂ ಎನ್‌ಎಚ್ ನಾಲ್ಕೇ.

ನಮ್ಮ ಡ್ರೈವರ್ ಹರಿಹರದವರು. ನಾನು ಅವರನ್ನು ಉಸ್ತಾದ್ ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ಲಾರಿ ನಿಲ್ಲಿಸುವುದಕ್ಕೂ ಅವರಲ್ಲಿ ಒಂದು ಕ್ರಮವಿತ್ತು. ಗಾಲಿಗೆ ಕಲ್ಲು ಕೊಡು, ಹಗ್ಗ ಸಡಿಲಾಗಿದೆಯೇ ನೋಡು, ರಾಡಿನಿಂದ ಒಂದೊಂದೇ ಟಯರಿಗೆ ಬಡಿದು ಸದ್ದು ಕೇಳು. ಆಮೇಲೆ ಅವರ ಮಾತು: "ಟಯರ್ ಮುಟ್ಟಿ ನೋಡಿ ಬಾ ತಮ್ಮಾ, ಬಿಸಿ ಇದ್ರ ಚಾ ಕುಡದೇ ಹೋಗೂಣು." ಟಯರ್ ಯಾವಾಗಲೂ ಬಿಸಿಯಾಗಿಯೇ ಇರುತ್ತಿತ್ತು.

ನೆರಳು ಎಲ್ಲೆಲ್ಲಿದೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಹಳೆಯ ರಸ್ತೆಯ ಎರಡೂ ಕಡೆ ಹುಣಸೆ, ಆಲ, ಬೇವು ಇದ್ದವು. ಯಾವ ಮರದ ಬಳಿ ಬಾವಿ ಇದೆ, ಯಾವ ತೋಟದವರು ಪಂಪ್‌ಸೆಟ್ಟಿನ ತೊಟ್ಟಿಯಲ್ಲಿ ಮೀಯಲು ಬಿಡುತ್ತಾರೆ, ಯಾವ ಹೋಟೆಲಿನಲ್ಲಿ ಹಗ್ಗದ ಮಂಚಕ್ಕೆ ದುಡ್ಡು ಕೇಳುವುದಿಲ್ಲ, ಎಲ್ಲವನ್ನೂ ಅವರು ನನಗೆ ಕಲಿಸಿದರು. ಹುಣಸೆ ಮರದ ಕೆಳಗೆ ಪಂಪ್ ಸ್ಟವ್ ಹಚ್ಚಿ ಅನ್ನಕ್ಕೆ ಇಡುತ್ತಿದ್ದೆ. ಹಮಾಲರು ಹೊರಡುವಾಗ ಪ್ರೀತಿಯಿಂದ ಕೊಟ್ಟ ಒಂದು ಹಿಡಿ ಮೆಣಸಿನಕಾಯಿ, ಬೆಳ್ಳುಳ್ಳಿ, ತಲೆಯ ಮೇಲಿನ ಮರದ್ದೇ ಹುಣಸೆಹಣ್ಣು. ಕಲ್ಲಿನ ಮೇಲೆ ಅರೆದರೆ ಚಟ್ನಿ ಆಯಿತು. ಅನ್ನ ಬೇಯುವ ಹೊತ್ತಿಗೆ ಉಸ್ತಾದ್ ಲಾರಿಯ ನೆರಳಿನಲ್ಲಿ ಚಾಪೆ ಹಾಸಿ ನಮಾಜು ಮುಗಿಸುತ್ತಿದ್ದರು. ನಾನು ಕ್ಯಾಬಿನ್‌ನ ಆಂಜನೇಯನ ಪಟಕ್ಕೆ ಊದುಬತ್ತಿ ಹಚ್ಚುತ್ತಿದ್ದೆ. ಆ ಪಟವನ್ನು ಅಲ್ಲಿ ಕೂರಿಸಿದವರು ಅವರೇ.

ಚೆಕ್‌ಪೋಸ್ಟಿನ ಸಾಲು ಮೈಲುಗಟ್ಟಲೆ ಬೆಳೆದ ದಿನಗಳಲ್ಲಿ ಅದೇ ಒಂದು ಊರಾಗುತ್ತಿತ್ತು. ನಾಮಕ್ಕಲ್ಲಿನ ಲಾರಿ, ಸಾಂಗ್ಲಿಯ ಲಾರಿ, ಲೂಧಿಯಾನದ ಲಾರಿ, ನಮ್ಮ ದಾವಣಗೆರೆಯ ಲಾರಿ ಒಂದರ ಹಿಂದೊಂದು. ಸಾಲು ಒಂದು ಲಾರಿಯಷ್ಟು ಮುಂದೆ ಸರಿದರೆ ಎಲ್ಲರೂ ಎದ್ದು ಇಂಜಿನ್ ಚಾಲೂ ಮಾಡಿ, ಮತ್ತೆ ಬಂದು ಕೂರುತ್ತಿದ್ದರು. ನೆಲದ ಮೇಲೆ ಇದ್ದಿಲಿನಿಂದ ಮನೆ ಬರೆದು ಹುಲಿಕಟ್ಟು ಎಂಬ ಹುಲಿ-ಕುರಿಯಾಟ ಆಡುತ್ತಿದ್ದೆವು. ನಮ್ಮ ಹಳೆಯ ಗುಡಿಗಳ ಹಾಸುಗಲ್ಲಿನ ಮೇಲೂ ಇಂಥ ಆಟದ ಮನೆಗಳನ್ನು ಕೊರೆದಿದ್ದಾರೆ. ಆ ಕಾಲದ ದಾರಿಹೋಕರೂ ಕಲ್ಲುಕುಟಿಗರೂ ಬಿಡುವಿನ ಹೊತ್ತನ್ನು ಹೀಗೇ ಕಳೆದಿರಬೇಕು. ಭಾಷೆ ಬಾರದ ತಮಿಳಿನವನೂ ಕುರಿ ನಡೆಸುವುದನ್ನು ಅರೆಗಳಿಗೆಯಲ್ಲಿ ಹಿಡಿಯುತ್ತಿದ್ದ. ಅವರಲ್ಲೂ ಅದೇ ಆಟ ಇತ್ತು.

ಕ್ಯಾಸೆಟ್ಟುಗಳು ಕೈ ಬದಲಾಗುತ್ತಿದ್ದುದೂ ಅಲ್ಲೇ. ಸಿ. ಅಶ್ವತ್ಥ್ ಹಾಡಿದ ಶಿಶುನಾಳ ಷರೀಫರ ಪದಗಳ ಕ್ಯಾಸೆಟ್ ಕೊಟ್ಟು ಇಳಯರಾಜರ ಹಾಡಿನ ಕ್ಯಾಸೆಟ್ ತೆಗೆದುಕೊಂಡಿದ್ದೇನೆ. ಕೊಟ್ಟದ್ದು ಮರಳಿ ಬರುತ್ತದೆಂಬ ಲೆಕ್ಕವಿರಲಿಲ್ಲ. ಆದರೆ ರಸ್ತೆ ದೊಡ್ಡದಾದರೂ ಓಡುವವರು ಅವರವರೇ. ಯಾವುದೋ ಸರಕಿನ ಹಿಂದೆ ಹೋದಾಗ ಅದೇ ಡ್ರೈವರ್ ಎದುರಾಗುತ್ತಿದ್ದ, ಅದೇ ಕ್ಯಾಸೆಟ್ ನೀಡುತ್ತಿದ್ದ.

ಓದು ಬಿಟ್ಟು ಲಾರಿ ಹತ್ತಿದ ನನ್ನಂಥವರಿಗೆ ಎರಡನೆಯ ಶಾಲೆ ಸಿಕ್ಕಿದ್ದು ಈ ಸಾಲುಗಳಲ್ಲಿ. ಮರಾಠಿ ಕಲಿತದ್ದು ವಾಶಿಯಲ್ಲಿ ಅನ್‌ಲೋಡಿಗೆ ಕಾಯುತ್ತ, ಹಿಂದಿ ಕಲಿತದ್ದು ಪಂಜಾಬಿನವರ ಜೊತೆ ಚಪಾತಿ ಲಟ್ಟಿಸುತ್ತ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಗುತ್ತಿದ್ದ ಹಳೆಯ ಸುಧಾ, ತರಂಗಗಳನ್ನು ಸೀಟಿನ ಹಿಂದೆ ಒಟ್ಟಿರುತ್ತಿದ್ದೆ. ಉಸ್ತಾದರಿಗೆ ಕನ್ನಡ ಓದಲು ಬಾರದು, ಕತೆ ಕೇಳುವ ಹುಚ್ಚು ಮಾತ್ರ ಬಹಳ. ಧಾರಾವಾಹಿಯ ಒಂದು ಕಂತು ಓದಿ ಮುಗಿಸಿದರೆ ಮುಂದಿನ ವಾರದ್ದನ್ನು ಯಾವ ಊರಲ್ಲಿ ಕೊಳ್ಳುವುದೆಂದು ಅವರೇ ಲೆಕ್ಕ ಹಾಕುತ್ತಿದ್ದರು. ಕತೆಯ ಹೆಂಗಸಿಗೆ ಅನ್ಯಾಯವಾದರೆ ಖಂಬಾಟಕಿ ಘಾಟ್ ಹತ್ತುವ ತನಕ ಮಾತಾಡುತ್ತಿರಲಿಲ್ಲ. ಇಂದು ನಾನು ನಾಲ್ಕು ಸಾಲು ಬರೆಯಬಲ್ಲೆನಾದರೆ ಅದು ಆ ಗಟ್ಟಿ ಓದಿನ ಋಣ.

ಲಾರಿ ನಿಂತಲ್ಲೇ ನಮ್ಮ ಅಂಚೆಯೂ ನಡೆಯುತ್ತಿತ್ತು. ರಾಣೆಬೆನ್ನೂರಿನ ಕಡೆ ಹೊರಟವನ ಕೈಯಲ್ಲಿ ಮನೆಗೆ ದುಡ್ಡು ಕಳಿಸಿದರೆ ಅದು ತಲುಪುತ್ತಿತ್ತು. ಮುಂದೆ ಯಾವ ಸೇತುವೆ ಕೆಟ್ಟಿದೆ, ಯಾರ ಮಗಳ ಮದುವೆ ಗೊತ್ತಾಗಿದೆ, ಯಾರು ಆಸ್ಪತ್ರೆಯಲ್ಲಿದ್ದಾರೆ, ಎಲ್ಲ ಸುದ್ದಿಯೂ ಚಹಾದ ಅಂಗಡಿಗಳ ಮೂಲಕ ರಸ್ತೆಯುದ್ದಕ್ಕೂ ಹೋಗುತ್ತಿತ್ತು. ಉಸ್ತಾದ್ ತೀರಿಕೊಂಡ ಸುದ್ದಿ ನನಗೆ ತಲುಪಿದ್ದೂ ಹಾಗೆಯೇ. ಆ ಹೊತ್ತಿಗೆ ನಾನು ಬೇರೆ ಲಾರಿಗೆ ಡ್ರೈವರ್ ಆಗಿದ್ದೆ. ನಿಪ್ಪಾಣಿಯಾಚೆ ಎದುರಿನಿಂದ ಬಂದ ಲಾರಿಯೊಂದು ಲೈಟು ಹೊಡೆದು ನಿಂತಿತು. ಡ್ರೈವರ್ ಇಳಿದು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟ. ಸರಕು ಇಳಿಸಿ ಹರಿಹರ ಸೇರುವಷ್ಟರಲ್ಲಿ ಮಣ್ಣು ಮುಗಿದಿತ್ತು.

ಆಮೇಲಿನ ಮಾತನ್ನು ಉಸ್ತಾದರ ಹೆಂಡತಿ, ನಮ್ಮ ಚಾಚಿ, ನನಗೆ ಹೇಳಿದರು. ತಿಂಗಳುಗಟ್ಟಲೆ ಅವರ ಮನೆಯ ಮುಂದೆ ಲಾರಿಗಳು ನಿಲ್ಲುತ್ತಿದ್ದವಂತೆ. ಹೆಸರು ಗೊತ್ತಿಲ್ಲದ, ಮಾತು ಗೊತ್ತಿಲ್ಲದ ಡ್ರೈವರುಗಳು ಇಳಿದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬಂದು ಸುಮ್ಮನೆ ಕೂತು, ನೀರು ಕುಡಿದು ಹೋಗುತ್ತಿದ್ದರಂತೆ. ಸಾಂಗ್ಲಿಯವನೊಬ್ಬ ಬುಟ್ಟಿ ತುಂಬ ದ್ರಾಕ್ಷಿ ತಂದಿಟ್ಟನಂತೆ. "ಇಷ್ಟು ಜನ ಅವರಿಗೆ ಎಲ್ಲಿ ಗಂಟುಬಿದ್ದರಪ್ಪಾ, ಅವರು ಮನಿಯಾಗ ಇದ್ದದ್ದೇ ಕಡಿಮಿ" ಎಂದು ಚಾಚಿ ಕೇಳಿದರು. ಎಲ್ಲರೂ ಸಿಕ್ಕಿದ್ದು ಲಾರಿ ನಿಂತಾಗ, ಚಾಚಿ ಎಂದೆ.

ಆ ಕಾಲವನ್ನು ಹಾಗೆಯೇ ವಾಪಸು ಕೊಡಿ ಎಂದು ನಾನು ಕೇಳಲಾರೆ. ಚೆಕ್‌ಪೋಸ್ಟಿನ ಸಾಲಿನಲ್ಲಿ ಲಂಚ ಕೊಟ್ಟವರು ನಾವೇ. ದಿನ ಹೆಚ್ಚಾದಷ್ಟೂ ಭತ್ಯೆ ಕರಗಿ ಕೈ ಖಾಲಿಯಾಗುತ್ತಿತ್ತು. ಈರುಳ್ಳಿ, ಟೊಮೆಟೊ ಹೇರಿದವನಿಗೆ ಪ್ರತಿ ಗಂಟೆಯೂ ನಷ್ಟ. ಮನೆಯಲ್ಲಿ ಹೆಂಡತಿ ಮಕ್ಕಳು ದಾರಿ ನೋಡುತ್ತಿದ್ದರು. ಆ ತೊಂದರೆಗಳು ತೊಲಗಿದ್ದು ಒಳ್ಳೆಯದೇ ಆಯಿತು.

ಒಂದೊಂದಾಗಿ ಅವು ತೊಲಗಿದವು. ಸುವರ್ಣ ಚತುಷ್ಪಥ ಬಂದಾಗ ರಸ್ತೆ ಅಗಲವಾಯಿತು, ಹುಣಸೆಮರಗಳು ಉರುಳಿದವು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟುಗಳು ಎದ್ದುಹೋದವು. 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿ ಟೋಲಿನ ಸಾಲೂ ಕರಗಿತು. ಇಷ್ಟೊಂದು ಹೊತ್ತು ಉಳಿಯಿತಲ್ಲ, ಅದರಲ್ಲಿ ಒಂದು ಪಾಲಾದರೂ ಡ್ರೈವರಿಗೆ ಬರಬೇಕಿತ್ತು. ಬರಲಿಲ್ಲ. ಉಳಿದ ಹೊತ್ತು ಇನ್ನೊಂದು ಟ್ರಿಪ್ಪಾಯಿತು.

2018ರ ಏಪ್ರಿಲ್‌ನಿಂದ ಸರಕು ಸಾಗಣೆಗೆ ಇ-ವೇ ಬಿಲ್ ಬಂತು. ಮೊದಲು ದಿನಕ್ಕೆ ನೂರು ಕಿಲೋಮೀಟರಿನ ಲೆಕ್ಕದಲ್ಲಿದ್ದ ಅದರ ಅವಧಿ 2021ರಿಂದ ಇನ್ನೂರಕ್ಕೆ ಒಂದು ದಿನವಾಯಿತು. ದಾರಿಯಲ್ಲಿ ಅವಧಿ ಮುಗಿದು ಸಿಕ್ಕಿಬಿದ್ದರೆ ದಂಡ. ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಡ್ರೈವರ್ ಇರಬೇಕೆಂಬ ನಿಯಮವನ್ನೂ 2018ರಲ್ಲೇ ತೆಗೆದುಹಾಕಿದರು. ಕ್ಲೀನರ್ ಎಂಬ ಹುಡುಗನಂತೂ ಅದಕ್ಕೂ ಮುಂಚೆಯೇ ಕಾಣೆಯಾಗತೊಡಗಿದ್ದ. ಈಗ ಅಷ್ಟುದ್ದದ ಲಾರಿಯಲ್ಲಿ ಒಬ್ಬನೇ ಮನುಷ್ಯ. ಜಿಪಿಎಸ್ ಇರುವುದರಿಂದ ಗಾಡಿ ಸ್ವಲ್ಪ ಹೊತ್ತು ನಿಂತರೆ ಸಾಕು, ಆಫೀಸಿನಿಂದ ಫೋನು ಬರುತ್ತದೆ: "ಯಾಕೆ ನಿಲ್ಲಿಸಿದ್ದೀಯ?" ಟಯರ್ ಬಿಸಿಯಾಗಿದೆ ಎಂದರೆ ಕೇಳುವವರಿಲ್ಲ. ಡಾಬಾಗಳಲ್ಲಿ ಈಗಲೂ ಡ್ರೈವರುಗಳನ್ನು ನೋಡುತ್ತೇನೆ. ಪಕ್ಕಪಕ್ಕದ ಮಂಚದಲ್ಲಿ ಕೂತು, ಊಟ ಮಾಡುತ್ತ, ಒಬ್ಬೊಬ್ಬರೂ ತಂತಮ್ಮ ಫೋನಿನೊಳಗೆ ಇರುತ್ತಾರೆ. ಅವರನ್ನು ದೂರುವ ಮನಸ್ಸು ಬರುವುದಿಲ್ಲ. ಮಗುವಿನ ಮುಖ ನೋಡಲು ಅವರಿಗಿರುವುದು ಅದೊಂದೇ ಕಿಟಕಿ, ಆ ನಾಲ್ಕು ನಿಮಿಷ ಮಾತ್ರ.

ಬಿಡುವು ಬೇಕೆಂಬುದು ಕಾನೂನಿಗೆ ಗೊತ್ತಿಲ್ಲದ ಸಂಗತಿಯಲ್ಲ. ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಎಂದು ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ 1961ರಲ್ಲೇ ಬರೆದಿತ್ತು. ಅದು ಕನಿಷ್ಠ ಐದು ಮಂದಿ ಕೆಲಸಗಾರರಿರುವ ಸಂಸ್ಥೆಗಳಿಗೆ ಮಾಡಿದ ಕಾಯಿದೆ. ಒಂದೋ ಎರಡೋ ಲಾರಿಯ ಮಾಲೀಕರ ಬಳಿ ದುಡಿಯುವ ನಮ್ಮಂಥವರ ಹತ್ತಿರ ಅದು ಸುಳಿಯಲೇ ಇಲ್ಲ. ನಮಗೆ ವಿಶ್ರಾಂತಿ ಸಿಕ್ಕಿದ್ದು ಕಾನೂನಿನಿಂದಲ್ಲ, ವ್ಯವಸ್ಥೆಯ ಅಡೆತಡೆಗಳಿಂದ. ಅಡೆತಡೆ ಹೋದಾಗ ವಿಶ್ರಾಂತಿಯೂ ಅದರ ಜೊತೆಗೇ ಹೋಯಿತು. ಇದನ್ನು ಅರಿತುಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದದ್ದು ನಿಮಗೆ ನೆನಪಿರಬಹುದು. ಆ ಗುಡ್ಡದ ಬುಡದಲ್ಲಿ ಒಂದು ಚಹಾದ ಅಂಗಡಿ ಇತ್ತು. ಲಾರಿ, ಟ್ಯಾಂಕರುಗಳು ಅಲ್ಲಿ ನಿಲ್ಲುತ್ತಿದ್ದವು. ಅಂಗಡಿ ನಡೆಸುತ್ತಿದ್ದ ಕುಟುಂಬವೂ ನಿಂತಿದ್ದ ಡ್ರೈವರುಗಳೂ ಮಣ್ಣಿಗೆ ಸಿಕ್ಕಿ ಹೋದರು. ಕೇರಳದ ಡ್ರೈವರೊಬ್ಬನ ಲಾರಿ ಗಂಗಾವಳಿ ನದಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು. ಅವನ ದೇಹ ಕ್ಯಾಬಿನ್‌ನಲ್ಲೇ ಇತ್ತು. ಆ ಸುದ್ದಿ ಓದಿದಾಗ ನನಗೆ ಬಂದ ಯೋಚನೆ ಒಂದೇ. ಕಡಿದು ನಿಲ್ಲಿಸಿದ ಗುಡ್ಡದ ಬುಡವನ್ನು ಬಿಟ್ಟು, ನೆರಳೂ ನೀರೂ ಇರುವ ಬೇರೆ ಜಾಗವನ್ನು ಆ ರಸ್ತೆ ಅವರಿಗಾಗಿ ಇಟ್ಟಿತ್ತೆ?

ಹೊಸ ಲಾರಿಗಳ ಕ್ಯಾಬಿನ್‌ಗೆ ಎ.ಸಿ. ಇರಲೇಬೇಕೆಂದು ಕೇಂದ್ರ ಸರ್ಕಾರ 2023ರ ಡಿಸೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಇಂಜಿನ್ನಿನ ಕಾವಿನಲ್ಲಿ ಬೆಂದವನಾಗಿ ನಾನು ಅದಕ್ಕೆ ಕೈಮುಗಿಯುತ್ತೇನೆ. ಆದರೆ ಡ್ರೈವರಿಗೆ ತಂಪು ಗಾಳಿಯ ಜೊತೆಗೆ ಇಳಿದು ಕೂರುವ ಹೊತ್ತೂ ಬೇಕು. ನಿಲ್ಲಿಸಿದ ಗಂಟೆಗೂ ಕೂಲಿ ಸಿಗಬೇಕು. ಡೀಸೆಲ್ ಕಳುವಾಗುತ್ತದೆಂಬ ಹೆದರಿಕೆಯಿಲ್ಲದೆ ಕಣ್ಣು ಮುಚ್ಚುವ ಜಾಗ ಬೇಕು. ಕಡಿದ ಮರಗಳ ಬದಲಿಗೆ ಮರ ನೆಡಬೇಕು, ಲಾರಿ ನಿಲ್ಲುವಲ್ಲಿಯೇ ನೆಡಬೇಕು. ಸರಕು ಕಳಿಸುವವರು ಊರು ಮುಟ್ಟುವ ಗಡುವು ಬರೆಯುವಾಗ ನಿದ್ದೆಯ ಗಂಟೆಗಳನ್ನೂ ಸೇರಿಸಿ ಬರೆಯಬೇಕು.

ಓದುವ ನಿಮ್ಮಲ್ಲೂ ಒಂದು ಮಾತು ಕೇಳುತ್ತೇನೆ. ನಿಮ್ಮ ಹೊಲದ ಅಂಚಿನಲ್ಲಿ, ಅಂಗಡಿಯ ಮುಂದೆ, ಊರ ಹೊರಗಿನ ಬಯಲಿನಲ್ಲಿ ಲಾರಿಯೊಂದು ನಿಂತರೆ ಓಡಿಸಬೇಡಿ. ಅದರಲ್ಲಿರುವವನು ನಿಮ್ಮ ಮನೆಯ ಅಕ್ಕಿ, ಗೊಬ್ಬರ, ಸಿಮೆಂಟು ತಂದವನು. ಒಂದು ಕೊಡ ನೀರು ಕೊಡಿ, ಯಾವೂರಪ್ಪಾ ಎಂದು ಕೇಳಿ, ಅರ್ಧ ಗಂಟೆ ಮಲಗಲು ಬಿಡಿ.