ಮಾಗಡಿ ಕೆರೆಯ ಅತಿಥಿಗಳು, ಆಫ್ರಿಕದ ಸೆರೆಯಾಳುಗಳು

ಮಾಗಡಿ ಎಂದೊಡನೆ ಹಲವರಿಗೆ ನೆನಪಾಗುವುದು ಬೆಂಗಳೂರು ಸಮೀಪದ ಕೆಂಪೇಗೌಡರ ಮಾಗಡಿ. ನಾನು ಹೇಳಹೊರಟಿರುವುದು ಶಿರಹಟ್ಟಿ ತಾಲ್ಲೂಕಿನ ಮಾಗಡಿಯ ಮಾತು. ಗದಗಿನಿಂದ 26 ಕಿ.ಮೀ., ಶಿರಹಟ್ಟಿಯಿಂದ ಕೇವಲ 8. ಮಳೆನೀರು ನಿಲ್ಲಿಸಿ ಹೊಲಗಳಿಗೆ ಉಣಿಸಲೆಂದು ಹಿಂದಿನವರು ಕಟ್ಟಿದ, ಸುಮಾರು 50 ಹೆಕ್ಟೇರಿನ ಕೆರೆ ಅದು. ನೀರು ಉಪ್ಪಾಗಿದ್ದರಿಂದ ಬೆಳೆಗೆ ಅಷ್ಟಾಗಿ ಒದಗಲಿಲ್ಲ. ಹಕ್ಕಿಗಳಿಗೆ ಒದಗಿತು. 2024ರ ಜನವರಿಯಲ್ಲಿ ಇದಕ್ಕೆ ರಾಮ್ಸಾರ್ ತಾಣವೆಂಬ ಅಂತಾರಾಷ್ಟ್ರೀಯ ಮನ್ನಣೆಯೂ ದೊರೆಯಿತು.

ಮಾಗಿಯ ಒಂದು ಭಾನುವಾರ ನಸುಕಿನಲ್ಲೇ ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಬೆಟಗೇರಿಯ ನೇಕಾರರ ಮನೆಯ ಮಕ್ಕಳಿದ್ದರು, ಮುಂಡರಗಿ ಕಡೆಯ ರೈತರ ಮಕ್ಕಳಿದ್ದರು. ಕೆರೆಯ ದಂಡೆ ಏರಿದಾಗ ಮೊದಲು ಕಂಡದ್ದು ನೀರಲ್ಲ, ಸಾವಿರಾರು ಬೂದು ಬೆನ್ನುಗಳು. ಬಿಳಿಯ ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಎಳೆದುಕೊಂಡ ಈ ಹಕ್ಕಿ ಪಟ್ಟೆತಲೆ ಹೆಬ್ಬಾತು. ಮಧ್ಯ ಏಷ್ಯಾದಲ್ಲಿ ಮರಿ ಮಾಡಿ, ಹಿಮಾಲಯವನ್ನೇ ದಾಟಿ ಇಲ್ಲಿಗೆ ಬರುತ್ತದೆ. ಚಳಿಗಾಲದಲ್ಲಿ ಸುಮಾರು 8,000 ಹೆಬ್ಬಾತುಗಳು ಮಾಗಡಿಯಲ್ಲಿ ತಂಗುತ್ತವೆಂದು ಲೆಕ್ಕ. ಹತ್ತಿರದ ಶೆಟ್ಟಿಕೇರಿ ಕೆರೆಗೆ ಇನ್ನೊಂದು ದೂರದ ಅತಿಥಿ ಬರುವುದುಂಟು: ಡೆಮಾಯ್ಸೆಲ್ ಕ್ರೇನ್. ಕ್ರೌಂಚ ಕುಲದಲ್ಲೇ ಚಿಕ್ಕದು, ಬೂದು ಮೈ, ಕಣ್ಣ ಹಿಂದೆ ಇಳಿಬಿದ್ದ ಬಿಳಿಯ ಗರಿ. ಫ್ರೆಂಚ್ ಭಾಷೆಯಲ್ಲಿ ಡೆಮಾಯ್ಸೆಲ್ ಎಂದರೆ ಕುಮಾರಿ. ನಮ್ಮವರು ಉದ್ದ ಕಾಲಿನ ಹಕ್ಕಿಯನ್ನೆಲ್ಲ ಕೊಕ್ಕರೆ ಎಂದುಬಿಡುತ್ತಾರೆ. ಬೆಳ್ಳಕ್ಕಿ ಕತ್ತು ಮಡಿಚಿಕೊಂಡು ಹಾರಿದರೆ ಇದು ಕತ್ತು ನೀಳವಾಗಿ ಚಾಚಿ ಹಾರುತ್ತದೆ. ಇಷ್ಟು ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಮುಂಡರಗಿಯ ಹುಡುಗನೊಬ್ಬ ಮೆಲ್ಲಗೆ ಕೇಳಿದ: "ಸರ್, ಇದರ ಒಂದು ಮರಿ ಹಿಡಕೊಂಡ್ ಹೋಗಿ ಮನ್ಯಾಗ ಸಾಕಿದ್ರ ಏನಾಗ್ತದ್ರೀ?"

"ಮರಿ ಇಲ್ಲಿ ಸಿಗೂದಿಲ್ಲಪಾ, ಅವು ಇಲ್ಲಿ ತತ್ತಿ ಇಡೂದಿಲ್ಲ" ಎಂದೆ. ಹುಡುಗರು ನಕ್ಕರು. ಆದರೆ ಅವನ ಪ್ರಶ್ನೆ ನಗುವಂಥದಲ್ಲ. ಇದೇ ಆಸೆಯಿಂದ ಆಫ್ರಿಕದಲ್ಲಿ ಎರಡು ಜಾತಿಯ ಕ್ರೌಂಚಗಳು ಸಂಕಟಕ್ಕೆ ಸಿಕ್ಕಿವೆ.

ಅವುಗಳ ತಲೆಯ ಮೇಲೆ ಹೊಂಬಣ್ಣದ ಕಡ್ಡಿಗರಿಗಳ ಕಿರೀಟ. ಕ್ರೌಂಚಗಳಲ್ಲಿ ಮರದ ಮೇಲೆ ಕೂರಬಲ್ಲವು ಇವು ಮಾತ್ರ, ಏಕೆಂದರೆ ಕೊಂಬೆಯನ್ನು ಹಿಡಿಯುವಷ್ಟು ಉದ್ದದ ಹಿಂಬೆರಳು ಇವುಗಳಿಗಿದೆ. ಬೂದು ಕಿರೀಟದ ಕ್ರೌಂಚ ಉಗಾಂಡದ ಬಾವುಟದಲ್ಲಿಯೂ ಇದೆ. ಬಾವುಟದಲ್ಲಿದ್ದರೇನು? 1985ರಲ್ಲಿ ಲಕ್ಷಕ್ಕೂ ಮೀರಿ ಇದ್ದವೆನ್ನುವ ಹಕ್ಕಿ ಅರ್ಧಕ್ಕಿಂತ ಕೆಳಗಿಳಿದು, 2012ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿತು. ಜೌಗು ನೆಲ ಹೊಲವಾಗುತ್ತಿರುವುದು ಒಂದು ಕಾರಣ, ಮರಿ ಹಿಡಿಯುವುದು ಇನ್ನೊಂದು. ಪಶ್ಚಿಮದ ಮಾಲಿ ದೇಶದಲ್ಲಿ ಕಪ್ಪು ಕಿರೀಟದ ಕ್ರೌಂಚವನ್ನು ಅಂಗಳದಲ್ಲಿ ಸಾಕುವುದು ಹಳೆಯ ರೂಢಿ. ಬರಬರುತ್ತ ಅದು ವ್ಯಾಪಾರವಾಯಿತು. ಹಳ್ಳಿಯವನು ಮರಿ ಹಿಡಿದು ದಲ್ಲಾಳಿಗೆ ಕೊಡುತ್ತಾನೆ, ದಲ್ಲಾಳಿ ಶ್ರೀಮಂತರ ತೋಟಕ್ಕೋ ಹೊರದೇಶಕ್ಕೋ ಸಾಗಿಸುತ್ತಾನೆ. ಕ್ರೌಂಚಗಳ ಅಂತಾರಾಷ್ಟ್ರೀಯ ಮಾರಾಟಕ್ಕೆ ಸೈಟಿಸ್ ಒಪ್ಪಂದದ ಲಗಾಮು ಇದೆ. ಆದರೆ ಲಗಾಮು ಬಂದರಿನಲ್ಲಿ, ಬೇಟೆ ಜೌಗಿನಲ್ಲಿ. ದೇಶದೊಳಗಿನ ವ್ಯವಹಾರ ಆ ಕಾಗದಕ್ಕೆ ಸಿಗುವುದೇ ಇಲ್ಲ.

ರುವಾಂಡ ಇದಕ್ಕೊಂದು ದಾರಿ ಕಂಡುಕೊಂಡಿತು. ಅಲ್ಲಿನ ಪಶುವೈದ್ಯ ಒಲಿವಿಯೆ ನ್ಸೆಂಗಿಮಾನ ಮನೆ, ಹೋಟೆಲುಗಳ ಅಂಗಳದಲ್ಲಿದ್ದ ಕ್ರೌಂಚಗಳನ್ನು ಬಿಡಿಸಿ, ಹಾರಬಲ್ಲವನ್ನು ಅಕಗೇರ ರಾಷ್ಟ್ರೀಯ ಉದ್ಯಾನಕ್ಕೆ ಬಿಡುವ ಕೆಲಸ ಆರಂಭಿಸಿದರು. ರೆಕ್ಕೆ ಕತ್ತರಿಸಿ ಮತ್ತೆಂದೂ ಹಾರಲಾಗದಂತೆ ಮಾಡಿದವುಗಳಿಗೆ ಕಿಗಾಲಿಯಲ್ಲಿ ಒಂದು ಜೌಗುತಾಣವನ್ನೇ ಕಟ್ಟಿದರು. 2017ರಲ್ಲಿ ಆ ದೇಶದಲ್ಲೆಲ್ಲ ಎಣಿಕೆಗೆ ಸಿಕ್ಕ ಕಾಡು ಕ್ರೌಂಚಗಳು 487. ಬಳಿಕದ ಎಣಿಕೆಗಳಲ್ಲಿ ಸಂಖ್ಯೆ ಏರಿದೆ.

ನಮ್ಮ ಕುಮಾರಿ ಹಕ್ಕಿಯ ಹಾದಿಯೂ ಸಲೀಸಲ್ಲ. ಮೊರಾಕೊದ ಅಟ್ಲಾಸ್ ಬೆಟ್ಟಗಳಲ್ಲಿ ಮರಿ ಮಾಡುತ್ತಿದ್ದ ಈ ಜಾತಿಯ ಬಳಗ ಇಲ್ಲವಾಗಿದೆ. ಪಾಕಿಸ್ತಾನದ ವಾಯವ್ಯ ಕಣಿವೆಗಳಲ್ಲಿ ಸಾಕಿದ ಕ್ರೌಂಚಗಳ ಕೂಗಿನಿಂದ ಕಾಡಿನವನ್ನು ಕೆಳಗಿಳಿಸಿ, ಸೀಸದ ಗುಂಡು ಕಟ್ಟಿದ ಹಗ್ಗ ಬೀಸಿ ಹಿಡಿಯುವವರಿದ್ದಾರೆ. ಆದರೂ ಒಟ್ಟಾರೆ ಈ ಜಾತಿ ಇಂದು ಅಪಾಯದಲ್ಲಿಲ್ಲ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇವನ್ನು ಹಿಡಿಯುವಂತಿಲ್ಲ, ಮಾರುವಂತಿಲ್ಲ.

ಇದನ್ನೆಲ್ಲ ದಂಡೆಯ ಮೇಲೆ ಕುಳಿತು ಮಕ್ಕಳಿಗೆ ಹೇಳುತ್ತಿದ್ದಾಗ, ಬುತ್ತಿ ಗಂಟು ಹಿಡಿದು ಹೊಲಕ್ಕೆ ಹೊರಟಿದ್ದ ಹಿರಿಯರೊಬ್ಬರು ನಿಂತು ಕೇಳಿಸಿಕೊಂಡರು. ಆಮೇಲೆ ಅಂದರು: "ಮಾಸ್ತರ, ಕಾಯಿದೆ ಖರೇ ಐತ್ರೀ. ಇವು ರಾತ್ರಿ ಬಂದು ನನ್ನ ಕಡ್ಲಿ ಮೇಯ್ದು ಹೋಗ್ತಾವು. ನಾ ಒಂದಕ್ಕೂ ಕಲ್ಲು ಒಗದಾಂವಲ್ಲ. ಆದ್ರ ಆ ಕಡ್ಲಿ ಲೆಕ್ಕ ಯಾರ್ ಬರೀತಾರ್ರೀ?"

ನನ್ನಲ್ಲಿ ಉತ್ತರವಿರಲಿಲ್ಲ. ರಾಮ್ಸಾರ್ ಫಲಕದಲ್ಲಿ ಇಂಥವರ ಕಡಲೆಗೆ ಜಾಗವಿಲ್ಲ. ಮೀನು ತಿನ್ನುವ ಹಕ್ಕಿಯಾದರೆ ಕೆರೆಯೇ ಸಾಕು. ಹೆಬ್ಬಾತಿಗೆ ಹುಲ್ಲು, ಕಾಳು, ಎಳೆಯ ಪೈರು ಬೇಕು. ಎರೆಹೊಲದ ಹಿಂಗಾರಿ ಬೆಳೆಯೇ ಅದರ ಊಟ. ಪರಿಹಾರ ಕೊಡಬೇಕೆಂಬುದು ನನ್ನ ಅಭಿಪ್ರಾಯ, ಅದೂ ಕಚೇರಿಗೆ ಹತ್ತು ಸಲ ಅಲೆಸದೆ.

ಹೊತ್ತು ಇಳಿಯುವಾಗ ಹೆಬ್ಬಾತುಗಳು ಗುಂಪುಗುಂಪಾಗಿ ಮೇಲೆದ್ದವು. ಮರಿ ಕೇಳಿದ್ದ ಹುಡುಗ ಬೆರಳು ಮಡಿಚುತ್ತ ಎಣಿಸತೊಡಗಿ, ಮುನ್ನೂರು ದಾಟುವಷ್ಟರಲ್ಲಿ ಲೆಕ್ಕ ತಪ್ಪಿದ. ಗುಂಪು ಲಕ್ಷ್ಮೇಶ್ವರದ ಕಡೆ ತಿರುಗಿತು. ಅವನು ಕೇಳಿದ: "ಸರ್, ಆ ಅಜ್ಜಾರ ಹೊಲ ಆ ಕಡೇನ ಐತೇನ್ರೀ?"