ಕವಂದಿಯ ಸುತ್ತ ಕೂತು ಆಡಿದ ಮಾತು

ಹುಬ್ಬಳ್ಳಿಯಿಂದ ಅಂಕೋಲಾ ಕಡೆ ಹೊರಟ ಬಸ್ಸು ಕಲಘಟಗಿ ದಾಟಿದ ಮೇಲೆ ಬಯಲು ಮುಗಿದು ಕಾಡು ಶುರುವಾಗುತ್ತದೆ. ಯಲ್ಲಾಪುರಕ್ಕೆ ಬರುವ ಪ್ರವಾಸಿಗರು ಸಾಮಾನ್ಯವಾಗಿ ಮಾಗೋಡು ಜಲಪಾತ ನೋಡಿ, ಫೋಟೊ ತೆಗೆದುಕೊಂಡು ಮರಳುತ್ತಾರೆ. ಬೇಡ್ತಿ ನದಿ ಧುಮುಕುವುದನ್ನು ನಾವೂ ನೋಡಿದೆವು. ಆದರೆ ನನ್ನ ಹೆಂಡತಿಗೂ ಆರನೇ ತರಗತಿಯ ಮೊಮ್ಮಗಳಿಗೂ ಸಿದ್ದಿಗಳ ಊರು ನೋಡುವ ಆಸೆ. ಪರಿಚಯದ ಮೇಷ್ಟ್ರೊಬ್ಬರು ಒಂದು ಮನೆಗೆ ಮೊದಲೇ ಹೇಳಿಟ್ಟಿದ್ದರು.

ಸಿದ್ದಿಗಳು ಯಾರೆಂದು ಗೊತ್ತಿಲ್ಲದ ಮಕ್ಕಳಿಗೆ ಎರಡು ಮಾತು. ಇವರ ಹಿರಿಯರು ಆಫ್ರಿಕಾದವರು. ನೂರಾರು ವರ್ಷಗಳ ಹಿಂದೆ ಅರಬ್ ವ್ಯಾಪಾರಿಗಳೂ ಪೋರ್ಚುಗೀಸರೂ ಅವರನ್ನು ಗುಲಾಮರನ್ನಾಗಿ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ತಂದರು. ಗೋವೆಯಿಂದ ತಪ್ಪಿಸಿಕೊಂಡ ಅನೇಕರು ಘಟ್ಟದ ಕಾಡು ಸೇರಿದರು. ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿ ಅವರ ಊರುಗಳಿವೆ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಹಲವರ ಮನೆಮಾತು ಒಂದು ಬಗೆಯ ಕೊಂಕಣಿ, ಹೊರಗೆ ಕನ್ನಡ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು.

ನಾವು ಹೋದಾಗ ಮನೆಯ ಗಂಡಸರು ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡರು. ಮಳೆ, ಅಡಿಕೆ ರೇಟು, ಕಾಡಿನ ಜಮೀನಿನ ಕಾಗದ ಪತ್ರ, ಇಷ್ಟರಲ್ಲೇ ನಮ್ಮ ಮಾತು ಸುತ್ತಿತು. ಒಳಗಿನಿಂದ ನಗು ಕೇಳುತ್ತಿತ್ತು. ಅರ್ಧ ಗಂಟೆಯಲ್ಲಿ ನನ್ನ ಹೆಂಡತಿಗೆ ಅವರ ಮಕ್ಕಳೆಷ್ಟು, ಯಾರಿಗೆ ಮಂಡಿನೋವು, ಯಾವ ಸೊಸೆ ಸಿಟ್ಟಿನವಳು ಎಲ್ಲ ಗೊತ್ತಾಗಿತ್ತು. ನಾನೇನಾದರೂ ಕೇಳಿದರೆ ಅಲ್ಲಿನ ಅಜ್ಜಿ ಉತ್ತರವನ್ನು ನನ್ನ ಹೆಂಡತಿಗೆ ಹೇಳುತ್ತಿದ್ದರು!

ಅವರ ಮಾತಿಗೆ ನೆಪ ಒಂದು ಕವಂದಿ. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಜೋಡಿಸಿ ಸಿದ್ದಿ ಹೆಂಗಸರು ಕೈಯಲ್ಲೇ ಹೊಲಿಯುವ ಕೌದಿ ಅದು. ನಮ್ಮ ಕಡೆಯ ಕೌದಿಯೇ ಅಲ್ಲವೇ ಅಂದುಕೊಂಡೆ. ಆದರೆ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಯುತ್ತದೆ. ಕ್ರೈಸ್ತರ ಕವಂದಿಯಲ್ಲಿ ಶಿಲುಬೆ, ಮುಸ್ಲಿಮರದರಲ್ಲಿ ಅರ್ಧಚಂದ್ರ ಕಾಣುವುದುಂಟು. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ‘ಫೂಲಾ’ ಎಂಬ ಹೂ. ಅದಿಲ್ಲದಿದ್ದರೆ ಕವಂದಿ ಬತ್ತಲೆ ಇದ್ದ ಹಾಗಂತೆ. ನನ್ನ ಹೆಂಡತಿಯ ಕೈಗೂ ಸೂಜಿ ಕೊಟ್ಟರು. ಆಕೆಯ ಹೊಲಿಗೆ ನೋಡಿ ಅಜ್ಜಿ, “ಪರವಾಗಿಲ್ಲ, ಕಲೀತೀಯ” ಎಂದರು. ಅರವತ್ತೆರಡರ ನನ್ನ ಹೆಂಡತಿ ಶಾಲೆಯ ಹುಡುಗಿಯಂತೆ ನಾಚಿದಳು.

ಮೊಮ್ಮಗಳಿಗೆ ಮನೆಯ ಹುಡುಗಿಯೊಬ್ಬಳು ಜೊತೆಯಾದಳು. ಇಬ್ಬರೂ ಒಂದೇ ತರಗತಿ. ಇವಳ ಕಣ್ಣು ಆಕೆಯ ಗುಂಗುರು ಕೂದಲಿನ ಮೇಲೆ. ಕೊನೆಗೆ, “ಮುಟ್ಟಿ ನೋಡ್ಲಾ?” ಎಂದು ಕೇಳಿಯೇಬಿಟ್ಟಳು. ಆ ಹುಡುಗಿ ಒಂದು ಕ್ಷಣ ನೋಡಿ, “ಮೊದ್ಲು ನಾನು ನಿಂದು ಮುಟ್ತೀನಿ” ಎಂದಳು. ಇವಳ ಎರಡು ಜಡೆ ಹಿಡಿದು ಎಳೆದು, “ಹಗ್ಗದಂಗೈತಿ” ಎಂದು ತೀರ್ಪು ಕೊಟ್ಟಳು. ಆಮೇಲೆ ಇವಳ ಸರದಿ. ಅಲ್ಲಿಗೆ ಆ ವಿಷಯ ಮುಗಿದು ಇಬ್ಬರೂ ಪೇರಳೆ ಮರ ಹತ್ತಿದರು.

ಎಲ್ಲರೂ ಹೀಗೆ ಕೇಳುವುದಿಲ್ಲ ಎಂದಳು ಆಕೆಯ ಅಕ್ಕ. ಅವಳು ಬೆಂಗಳೂರಿನಲ್ಲಿ ಓದುತ್ತಾಳೆ. ಬಸ್ಸಿನಲ್ಲಿ ಹಿಂದೆ ಕೂತವರು ಕೇಳದೆಯೇ ಕೂದಲು ಮುಟ್ಟಿದ್ದಾರೆ. ಅಂಗಡಿಯವರು ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಇವಳು ಕನ್ನಡದಲ್ಲಿ ಉತ್ತರಿಸಿದರೆ, “ಎಷ್ಟು ಚೆನ್ನಾಗಿ ಕಲಿತಿದ್ದೀರಿ!” ಎಂದು ಹೊಗಳುತ್ತಾರೆ. ಯಲ್ಲಾಪುರ ಎಂದರೆ, “ಅದಲ್ಲ, ನಿಜವಾಗಿ ಯಾವ ದೇಶ?” ಎಂಬ ಪ್ರಶ್ನೆ. ಅವಳ ತಮ್ಮನಿಗೆ ಬೇರೆ ತೊಂದರೆ. ಬಾಡಿಗೆ ಕೋಣೆ ಕೇಳಲು ಹೋದರೆ ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ. ತೆರೆದವರೂ “ನೀನು ಚೆನ್ನಾಗಿ ಓಡ್ತೀಯಲ್ಲ?” ಎನ್ನುತ್ತಾರೆ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟಕ್ಕೆ ತರಬೇತಿ ಕೊಟ್ಟದ್ದು ನಿಜ. ಆದರೆ ಈ ಹುಡುಗನಿಗೆ ಇಷ್ಟವಾದದ್ದು ಲೆಕ್ಕಪತ್ರ. ಒಂದೇ ಮನೆ, ಒಂದೇ ಬಣ್ಣ. ಅಕ್ಕನ ಕಡೆ ಕುತೂಹಲದ ಕೈ ಚಾಚುವ ಜನ ತಮ್ಮನನ್ನು ಕಂಡರೆ ಹಿಂದೆ ಸರಿಯುತ್ತಾರೆ. ಯಾವುದು ಹೆಚ್ಚು ನೋವು ಎಂದು ನಾನು ಕೇಳಲಿಲ್ಲ.

ಹಾಸ್ಟೆಲಿನಲ್ಲಿ ಅವಳಿಗೆ ರಾಯಚೂರಿನ ಒಬ್ಬ ಗೆಳತಿ ಇದ್ದಾಳೆ. ಆಕೆ ಮೊದಲ ದಿನ ಕೇಳಿದ್ದು, “ನಿನ್ನ ಬಕೆಟ್ ಸ್ವಲ್ಪ ಕೊಡ್ತೀಯಾ?” ಊರು, ಹಿರಿಯರು, ಆಫ್ರಿಕಾ ಎಲ್ಲ ವಿಚಾರ ಬಂದದ್ದು ಒಂದು ವರ್ಷದ ನಂತರ, ರಾತ್ರಿ ಕರೆಂಟು ಹೋದಾಗ. “ಆಗ ಹೇಳೋಕೆ ನನಗೂ ಖುಷಿ ಆಯ್ತು” ಎಂದಳು.

ಹೊರಡುವಾಗ ನನ್ನ ಹೆಂಡತಿ ಒಂದು ಕವಂದಿಗೆ ಹೇಳಿದಳು. ನಿನ್ನ ಹಳೆಯ ಸೀರೆಗಳನ್ನೇ ಕಳಿಸು ಎಂದರು ಅಜ್ಜಿ. ಏಳು ಸೀರೆ ಕಟ್ಟಿ ಕಳಿಸಿದೆವು. ಕಳೆದ ವಾರ ಅಲ್ಲಿಂದ ಫೋನು. ಹಸಿರು ಇಳಕಲ್ ಸೀರೆ ಯಾರದು, ಅದಕ್ಕೆ ಕತ್ತರಿ ಹಾಕಬಹುದೇ ಎಂದು ಅಜ್ಜಿ ಕೇಳುತ್ತಿದ್ದರು. ಅದು ನನ್ನ ಅತ್ತೆಯದು. ಹೆಂಡತಿ ಫೋನು ಹಿಡಿದು ಅಡುಗೆಮನೆಗೆ ಹೋದಳು. ಮುಕ್ಕಾಲು ಗಂಟೆ ಹೊರಗೆ ಬರಲಿಲ್ಲ.